ಅಂಕವೂ ಕಾಯಕವೂ

ಪಿ.ಯು.ಸಿ. ಓದುವ ಮಕ್ಕಳಿರುವ ಮನೆಗಳಲ್ಲಿ ನೀಟ್ ಪರೀಕ್ಷೆ ಬಂತೆಂದರೆ ಊಟವೂ ಸಪ್ಪೆ, ಮಾತೂ ಸಪ್ಪೆ. ಆ ಪರೀಕ್ಷೆಯಲ್ಲಿ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4 ಅಂಕ. ತಪ್ಪಿದರೆ 1 ಕಳೆಯುತ್ತಾರೆ. ತಿಳಿಯದ ಪ್ರಶ್ನೆಯನ್ನು ಬಿಟ್ಟವನಿಗೆ ಕಳೆಯುವುದೇನೂ ಇಲ್ಲ. ಗಾಬರಿಯಲ್ಲಿ ಗುರುತು ಹಾಕಿದವನು ಗಳಿಸಿದ್ದನ್ನೂ ಕಳೆದುಕೊಳ್ಳುತ್ತಾನೆ. ಹಾಗಿರುವಾಗ ಮನೆಯವರೇ ಮಗುವಿಗೆ ಗಾಬರಿ ಹುಟ್ಟಿಸಿದರೆ ಹೇಗೆ?

2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದರು. ಇಡೀ ದೇಶದಲ್ಲಿ ಎಂ.ಬಿ.ಬಿ.ಎಸ್. ಸೀಟುಗಳಿದ್ದುದು ಒಂದು ಲಕ್ಷಕ್ಕೆ ತುಸು ಮೇಲೆ. ಉಳಿದವರೆಲ್ಲ ದಡ್ಡರೇನು? "ಡಾಕ್ಟರಾಗದಿದ್ದರೆ ಮುಖ ತೋರಿಸಬೇಡ" ಎನ್ನುವ ತಂದೆಯೂ ವಿಭೂತಿ ಧರಿಸಿಕೊಂಡೇ ಮಠಕ್ಕೆ ಬರುತ್ತಾನೆ! ಬಟ್ಟೆ ಮಡಿ ಮಾಡುತ್ತಿದ್ದ ಮಾಚಿದೇವರು, ಹಗ್ಗ ಹೊಸೆಯುತ್ತಿದ್ದ ಚಂದಯ್ಯನವರು, ದೋಣಿ ನಡೆಸುತ್ತಿದ್ದ ಚೌಡಯ್ಯನವರು ಬಸವಣ್ಣನವರೊಡನೆ ಸರಿಸಮನಾಗಿ ಕುಳಿತ ಶರಣರೆಂಬುದನ್ನು ಆತ ಕೇಳಿಲ್ಲವೇ?

ತಾಯಂದಿರೇ, ಮಗು ಊಟ ಬಿಟ್ಟರೆ, ನಿದ್ರೆಗೆಟ್ಟರೆ, ಬದುಕೇ ಸಾಕೆಂದರೆ ಅದನ್ನು ನಾಟಕವೆನ್ನಬೇಡಿರಿ. ಬೈಯದೆ, ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯಿದೆ. ಅದರ ಸಂಖ್ಯೆ 14416. ಹಗಲಿರುಳೂ ಫೋನ್ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೇಳುವುದಿಲ್ಲ.