ಬರಿಗಾಲಿನ ಅಹಮದ್ ಖಾನ್

ಮೊನ್ನೆ ನಮ್ಮ ಫುಟ್‌ಬಾಲ್ ಟೀಮು ಬೇರೆ ಊರಿನವರ ಎದುರು 6-0 ಗೋಲಿನಿಂದ ಸೋತದ್ದು ನಿಮಗೆ ಗೊತ್ತೇ ಇದೆ. ಅವರ ಕಾಲಲ್ಲಿ ಬೂಟು, ನಮ್ಮದು ಬರಿಗಾಲು. ನಾಲ್ಕು ಗೋಲಾದ ಮೇಲೆ ನಮ್ಮಲ್ಲಿ ಕೆಲವರು ಓಡೋದನ್ನೇ ಬಿಟ್ಟೆವು. ಅವರಲ್ಲಿ ನಾನೂ ಒಬ್ಬ. ಅದಕ್ಕೇ ಅಹಮದ್ ಖಾನ್ ಅವರ ಬಗ್ಗೆ ಬರೆಯುತ್ತಿದ್ದೇನೆ.

ಅಹಮದ್ ಖಾನ್ ನಮ್ಮ ಬೆಂಗಳೂರಿನವರೇ. ಹುಟ್ಟಿದ್ದು 1926ರ ಡಿಸೆಂಬರ್ 24ರಂದು. ಆಗ ಬೆಂಗಳೂರು ದಂಡಿನಲ್ಲಿ ಬ್ರಿಟಿಷ್ ಸೈನಿಕರು ಫುಟ್‌ಬಾಲ್ ಆಡುತ್ತಿದ್ದರು. ಅವರನ್ನು ನೋಡಿ ಸುತ್ತಲಿನ ಹುಡುಗರೂ ಕಲಿತರು. ಅಹಮದ್ ಅವರ ತಂದೆಯೂ ಆಟಗಾರರು. ಮಗ ಬರಿಗಾಲಲ್ಲೇ ಚೆಂಡನ್ನು ಎಷ್ಟು ಚೆನ್ನಾಗಿ ಆಡಿಸುತ್ತಿದ್ದರೆಂದರೆ, ಜನ ಅವರನ್ನು ಹಾವಾಡಿಗ ಅಂತ ಕರೆದರು!

1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಅದು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿದವು, 2-1ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ರಾಮನ್, ಅವರೂ ಬೆಂಗಳೂರಿನವರು.

1949ರಲ್ಲಿ ಅಹಮದ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿ ಸುಮಾರು ಹತ್ತು ವರ್ಷ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹಮದ್, ಈ ಐವರಿಗೆ ಅಲ್ಲಿ 'ಪಂಚಪಾಂಡವರು' ಅಂತ ಹೆಸರು. 1949, 50, 51, ಮೂರು ವರ್ಷವೂ ಐ.ಎಫ್.ಎ. ಶೀಲ್ಡ್ ಅವರದೇ! 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅಹಮದ್ ಇದ್ದರು.

ಮುಖ್ಯ ಸಂಗತಿ ಈಗ ಬರುತ್ತೆ. 1952ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೋಸ್ಲಾವಿಯ, ಆ ಸಲ ಬೆಳ್ಳಿ ಗೆದ್ದ ತಂಡ. ಅವರು ಹತ್ತು ಗೋಲು ಹೊಡೆದರು, ನಮ್ಮದು ಸೊನ್ನೆ. 90 ನಿಮಿಷದ ಆಟದಲ್ಲಿ 89ನೇ ನಿಮಿಷ. ಇನ್ನು ಆಡಿದರೂ ಗೆಲ್ಲೋ ಹಾಗಿಲ್ಲ. ಆಗ ಅಹಮದ್ ಖಾನ್ ಗೋಲು ಹೊಡೆದರು! 10-1. ಅವರೂ ನನ್ನ ಹಾಗೆ ನಿಂತುಬಿಟ್ಟಿದ್ದರೆ ಆ ಒಂದು ಬರುತ್ತಿರಲಿಲ್ಲ.

ಹಾಗಂತ ಬರಿಗಾಲೇ ದೊಡ್ಡಸ್ತಿಕೆ ಅಲ್ಲ. ಚಳಿ ದೇಶದ ಒದ್ದೆ ಮೈದಾನದಲ್ಲಿ ಬರಿಗಾಲು ಜಾರುತ್ತೆ. ಹೆಲ್ಸಿಂಕಿಯ ಸೋಲಿನ ನಂತರ ನಮ್ಮ ದೇಶದಲ್ಲೂ ಬೂಟು ಕಡ್ಡಾಯವಾಯಿತು. ಇದನ್ನು ನಮ್ಮ ಮೇಷ್ಟ್ರುಗಳು ದಯವಿಟ್ಟು ಗಮನಿಸಬೇಕು!

ಅಹಮದ್ ಖಾನ್ 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ಅವರಿಗೆ 90 ವರ್ಷ. ನಮ್ಮ ಊರಿಗೆ ಇಷ್ಟು ಹತ್ತಿರ ಇದ್ದರೂ ನಮಗೆ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ.

ಮುಂದಿನ ಮ್ಯಾಚಿನಲ್ಲಿ ಎಷ್ಟೇ ಗೋಲಾಗಲಿ, ಸೀಟಿ ಊದೋವರೆಗೂ ನಾನು ಓಡುತ್ತೇನೆ. ನೀವೂ ಬನ್ನಿ.