ಮನೆಯೊಳಗಿನ ಅಂಚೆಮನೆ: ಹಲವು ಗಣಕಗಳಿಗೆ ಒಂದೇ ಪತ್ರಸಂಗ್ರಹ

ಗಡಿನಾಡಿನ ಭಾಷಾ ಸಂಶೋಧಕರ ಆಕರಗಳಲ್ಲಿ ಇಂದು ಇ-ಮೇಲಿಗೆ ಮುಖ್ಯ ಸ್ಥಾನವಿದೆ. ತಾಳವಾಡಿಯಿಂದ ಬಂದ ಪದಪಟ್ಟಿ, ಅಕ್ಕಲಕೋಟೆಯ ಶಾಲೆಯೊಂದರ ವಿವರ, ಮಡಕಶಿರಾದ ಕಡೆಯಿಂದ ಬಂದ ಶಾಸನದ ಛಾಯಾಚಿತ್ರ ಎಲ್ಲವೂ ಪತ್ರದ ಲಗತ್ತುಗಳಾಗಿಯೇ ಕೈಸೇರುತ್ತವೆ. ಕಾಗದದ ಪತ್ರವನ್ನು ಕಡತಕ್ಕೆ ಸೇರಿಸಿಡುತ್ತಿದ್ದ ನಾವು ಇ-ಮೇಲ್ ಎಲ್ಲಿ ಉಳಿಯುತ್ತದೆ ಎಂಬುದನ್ನು ಅಷ್ಟಾಗಿ ವಿಚಾರಿಸುವುದಿಲ್ಲ.

ಈ ಅಲಕ್ಷ್ಯಕ್ಕೆ ನಾನೂ ಬೆಲೆ ತೆತ್ತಿದ್ದೇನೆ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಜತ್ತ ಸೀಮೆಯ ಹಿರಿಯ ಶಿಕ್ಷಕರೊಬ್ಬರು ತಮ್ಮ ಊರಿನ ಬೇಸಾಯದ ಮಾತುಗಳನ್ನು ಕುರಿತು ನನಗೆ ಹಲವು ಪತ್ರಗಳನ್ನು ಬರೆದಿದ್ದರು. ಅವುಗಳಲ್ಲಿ ಕೆಲವು ವಿಭಾಗದ ಗಣಕಕ್ಕೆ, ಕೆಲವು ನನ್ನ ಲ್ಯಾಪ್‌ಟಾಪಿಗೆ ಇಳಿದಿದ್ದವು. ವಿಭಾಗದ ಗಣಕದ ಡಿಸ್ಕ್ ಕೆಟ್ಟ ದಿನ ಅದರಲ್ಲಿದ್ದ ಪತ್ರಗಳೂ ಹೋದವು. ಮತ್ತೆ ಕೇಳಿ ಬರೆಸಿಕೊಳ್ಳೋಣವೆಂದರೆ ಆ ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು.

ತಪ್ಪು ಡಿಸ್ಕಿನದಷ್ಟೇ ಆಗಿರಲಿಲ್ಲ, ಪತ್ರಗಳನ್ನು ತರಿಸಿಕೊಳ್ಳುವ ವಿಧಾನದ್ದೂ ಆಗಿತ್ತು. 1988ರಲ್ಲಿ ರೂಪುಗೊಂಡ ಪಿಒಪಿ3 ಎಂಬ ನಿಯಮಾವಳಿ ಅಂಚೆಕಚೇರಿಯಿಂದ ಪತ್ರ ಬಿಡಿಸಿಕೊಂಡು ಬರುವ ಕ್ರಮವನ್ನು ಹೋಲುತ್ತದೆ. ಪತ್ರ ಗಣಕಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಮೂಲಸ್ಥಾನದಲ್ಲಿ ಅಳಿಯುತ್ತದೆ. ಹೀಗಾಗಿ ಎರಡು ಗಣಕಗಳಿದ್ದರೆ ಎರಡು ಅಪೂರ್ಣ ಸಂಗ್ರಹಗಳು ಹುಟ್ಟುತ್ತವೆ. ಮಾರ್ಕ್ ಕ್ರಿಸ್ಪಿನ್ ಅವರು 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ಐಎಂಎಪಿ ಇದಕ್ಕೆ ಭಿನ್ನವಾದುದು. ಇಲ್ಲಿ ಪತ್ರ ಸರ್ವರಿನಲ್ಲೇ ಉಳಿಯುತ್ತದೆ. ಗಣಕ, ಲ್ಯಾಪ್‌ಟಾಪ್, ಮೊಬೈಲುಗಳು ಅದೊಂದೇ ಸಂಗ್ರಹವನ್ನು ನೋಡುತ್ತವೆ. ಒಂದರಲ್ಲಿ ಓದಿದ ಪತ್ರ ಎಲ್ಲದರಲ್ಲೂ ಓದಿದುದಾಗಿ ತೋರುತ್ತದೆ.

ದೊಡ್ಡ ಸೇವೆಗಳು ಐಎಂಎಪಿ ಒದಗಿಸುತ್ತಿರುವಾಗ ಮನೆಯಲ್ಲೊಂದು ಸರ್ವರು ಏಕೆ ಎಂಬ ಪ್ರಶ್ನೆ ಸಹಜ. ನಮ್ಮಲ್ಲಿ ಹೆಚ್ಚಿನವರಿಗೆ ವಿಶ್ವವಿದ್ಯಾಲಯದ ಒಂದು, ಯೋಜನೆಯ ಒಂದು, ಖಾಸಗಿಯ ಒಂದು ವಿಳಾಸವಿರುತ್ತದೆ. ಯೋಜನೆ ಮುಗಿದಾಗ, ಹುದ್ದೆ ಬದಲಾದಾಗ ವಿಳಾಸ ಮುಚ್ಚುತ್ತದೆ. ಅದರೊಡನೆ ಪತ್ರಗಳೂ ಹೋಗುತ್ತವೆ. ಮೂರೂ ವಿಳಾಸಗಳ ಪತ್ರಗಳು ನಮ್ಮದೇ ಯಂತ್ರದಲ್ಲಿ ಒಟ್ಟಾಗಿದ್ದರೆ ಈ ಭಯವಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಲೋಕದಿಂದ ನೇರವಾಗಿ ಪತ್ರ ಸ್ವೀಕರಿಸಿ, ನೇರವಾಗಿ ಕಳುಹಿಸುವ ಪೂರ್ಣ ಸರ್ವರನ್ನು ಮನೆಯಲ್ಲಿ ನಡೆಸುವುದು ಕಷ್ಟ. ಅನೇಕ ಇಂಟರ್ನೆಟ್ ಸಂಪರ್ಕಗಳಲ್ಲಿ ಅದಕ್ಕೆ ಬೇಕಾದ 25ನೆಯ ಪೋರ್ಟ್ ಮುಚ್ಚಿರುತ್ತದೆ. ಮನೆಯ ಐಪಿ ವಿಳಾಸ ಬದಲಾಗುತ್ತಿರುತ್ತದೆ. ಅಂಥ ವಿಳಾಸದಿಂದ ಹೊರಟ ಪತ್ರವನ್ನು ಹಲವು ಸರ್ವರುಗಳು ತಿರಸ್ಕರಿಸುತ್ತವೆ. ನಮಗೆ ಬೇಕಾದುದು ಇದಕ್ಕಿಂತ ಸರಳವಾದುದು: ಹೊರಗಿನ ವಿಳಾಸಗಳಿಂದ ಪತ್ರ ತಂದು ಮನೆಯೊಳಗೆ ಹಂಚುವ ಯಂತ್ರ. ಕರೆಂಟು ಹೋದರೂ ಇದರಿಂದ ಹಾನಿಯಿಲ್ಲ. ಪತ್ರಗಳು ಮೂಲ ಸೇವೆಯಲ್ಲಿ ಕಾದಿದ್ದು, ಯಂತ್ರ ಮತ್ತೆ ಎದ್ದಾಗ ಬಂದು ಸೇರುತ್ತವೆ.

ಈ ಕೆಲಸಕ್ಕೆ ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈನಂಥ ಪುಟ್ಟ ಗಣಕ ಸಾಕು. ಅದರಲ್ಲಿ ಲಿನಕ್ಸ್ ಇರಲಿ. ರೌಟರಿನಲ್ಲಿ ಅದಕ್ಕೆ ಮನೆಯೊಳಗಿನ ಸ್ಥಿರ ವಿಳಾಸವೊಂದನ್ನು ಕಾದಿರಿಸಬೇಕು. ಬೇಕಾದ ಮುಖ್ಯ ತಂತ್ರಾಂಶಗಳು ಎರಡು. ಎರಡೂ ಉಚಿತ, ಮುಕ್ತ ತಂತ್ರಾಂಶಗಳು. ಫೆಚ್‌ಮೇಲ್ ಹೊರಗಿನಿಂದ ಪತ್ರ ತರುತ್ತದೆ. ಟಿಮೊ ಸಿರೈನೆನ್ ಅವರು 2002ರಲ್ಲಿ ಹೊರತಂದ ಡವ್‌ಕಾಟ್ ಅದನ್ನು ಶೇಖರಿಸಿ ಐಎಂಎಪಿ ಮೂಲಕ ಒದಗಿಸುತ್ತದೆ.

ಮೊದಲು ಡವ್‌ಕಾಟ್ ಸ್ಥಾಪಿಸಿ, ಸಂಗ್ರಹಕ್ಕೆ ಮೇಲ್‌ಡಿರ್ ಕ್ರಮವನ್ನು ಆಯ್ದುಕೊಳ್ಳಬೇಕು. ಇದರಲ್ಲಿ ಪ್ರತಿ ಪತ್ರವೂ ಪ್ರತ್ಯೇಕ ಕಡತವಾಗಿರುವುದರಿಂದ ಒಂದು ಕೆಟ್ಟರೆ ಉಳಿದವು ಕೆಡುವುದಿಲ್ಲ. ಅನಂತರ ಫೆಚ್‌ಮೇಲಿನ ಕಡತದಲ್ಲಿ ಪ್ರತಿ ವಿಳಾಸದ ಸರ್ವರು, ಬಳಕೆದಾರ ಹೆಸರು, ಪಾಸ್‌ವರ್ಡ್ ಬರೆದು, ಬಂದ ಪತ್ರವನ್ನು ಡವ್‌ಕಾಟಿಗೆ ಒಪ್ಪಿಸುವಂತೆ ಸೂಚಿಸಬೇಕು. ಕೆಲವು ಸೇವೆಗಳು ಇದಕ್ಕೆ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಕೇಳುತ್ತವೆ. ಪಾಸ್‌ವರ್ಡುಗಳಿರುವ ಈ ಕಡತವನ್ನು ಇತರ ಬಳಕೆದಾರರು ಓದಲಾಗದಂತೆ ಇಡದಿದ್ದರೆ ಫೆಚ್‌ಮೇಲ್ ಕೆಲಸವನ್ನೇ ಆರಂಭಿಸುವುದಿಲ್ಲ.

ಇಲ್ಲಿ ಮರೆಯಬಾರದ ಪದವೆಂದರೆ ‘ಕೀಪ್’. ಅದನ್ನು ಬರೆಯದಿದ್ದರೆ ಫೆಚ್‌ಮೇಲ್ ತಂದ ಪತ್ರವನ್ನು ಮೂಲದಲ್ಲಿ ಅಳಿಸುತ್ತದೆ. ಎಲ್ಲವೂ ಸರಿಯಾಗಿದೆಯೆಂದು ಖಚಿತವಾಗುವವರೆಗಾದರೂ ಆ ಪದವಿರಲಿ. ಹಳೆಯ ಪತ್ರಗಳನ್ನೂ ತರಿಸಲು ‘ಫೆಚ್‌ಆಲ್’ ಸೂಚನೆಯನ್ನು ಒಮ್ಮೆ ಮಾತ್ರ ಕೊಟ್ಟು ತೆಗೆಯಬೇಕು. ಎರಡೂ ಒಟ್ಟಿಗೆ ಉಳಿದರೆ ಅದೇ ಪತ್ರಗಳು ಮತ್ತೆ ಮತ್ತೆ ಬರುತ್ತವೆ.

ಕೊನೆಗೆ ಪ್ರತಿ ಗಣಕದ ಥಂಡರ್‌ಬರ್ಡಿನಲ್ಲಿ ಮನೆಯ ಸರ್ವರನ್ನು 993ನೆಯ ಪೋರ್ಟಿನ ಮೂಲಕ ಐಎಂಎಪಿ ಖಾತೆಯಾಗಿ ಸೇರಿಸಬೇಕು. ಹೊರಹೋಗುವ ಪತ್ರಗಳು ಆಯಾ ಸೇವೆಯ ಸರ್ವರಿನ ಮೂಲಕವೇ ಹೋಗಲಿ. ಅವುಗಳ ಪ್ರತಿ ಮಾತ್ರ ಮನೆಯ ಸರ್ವರಿನ ‘ಸೆಂಟ್’ ವಿಭಾಗದಲ್ಲಿ ಉಳಿಯುವಂತೆ ಹೊಂದಿಸಬೇಕು. ಪ್ರಶ್ನೆಯಿಲ್ಲದೆ ಉತ್ತರವಷ್ಟೇ ಉಳಿದ ಪತ್ರವ್ಯವಹಾರ ಅರ್ಧ ಆಕರ ಮಾತ್ರ. ಬೇರೆ ಬೇರೆ ಗಣಕಗಳಲ್ಲಿ ಸಿಕ್ಕಿಕೊಂಡಿರುವ ಹಳೆಯ ಪತ್ರಗಳನ್ನು ಥಂಡರ್‌ಬರ್ಡಿನಲ್ಲೇ ಎಳೆದು ಹೊಸ ಖಾತೆಗೆ ಹಾಕಬಹುದು.

ಕನ್ನಡಕ್ಕೆ ಸಂಬಂಧಿಸಿದ ಒಂದು ತೊಡಕನ್ನೂ ಹೇಳಬೇಕು. ಕನ್ನಡ ಪತ್ರದ ಒಡಲು ಸಾಮಾನ್ಯವಾಗಿ ರೋಮನ್ ಅಕ್ಷರ, ಅಂಕಿಗಳ ಸಂಕೇತರೂಪದಲ್ಲಿ ಪಯಣಿಸಿ ಹಾಗೆಯೇ ಕಡತದಲ್ಲಿ ಉಳಿಯುತ್ತದೆ. ಆದ್ದರಿಂದ ಕಡತಗಳನ್ನು ನೇರವಾಗಿ ಹುಡುಕಿದರೆ ಕನ್ನಡ ಪದ ಸಿಗುವುದಿಲ್ಲ. ಐಎಂಎಪಿ ಹುಡುಕಾಟದಲ್ಲಿ ಡವ್‌ಕಾಟ್ ಅದನ್ನು ಬಿಡಿಸಿ ನೋಡುತ್ತದೆ. ಯೂನಿಕೋಡಿನ ಪತ್ರದಲ್ಲಿ ಕನ್ನಡ, ಮಲಯಾಳ, ಮರಾಠಿ ಒಟ್ಟಿಗೆ ಬಂದರೂ ತೊಂದರೆಯಿಲ್ಲ. ಆದರೆ ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬರೆದ ಪತ್ರಗಳು ಹುಡುಕಾಟಕ್ಕೆ ಸಿಗಲಾರವು. ಅವನ್ನು ಪರಿವರ್ತಿಸಿ, ಮೂಲವನ್ನೂ ಜೊತೆಗಿಡುವುದು ಲೇಸು.

ಹಂಚಿಕೆಯೆಂದರೆ ರಕ್ಷಣೆಯಲ್ಲ ಎಂಬುದನ್ನು ಮರೆಯಬಾರದು. ಎಲ್ಲ ಗಣಕಗಳೂ ಒಂದೇ ಸಂಗ್ರಹವನ್ನು ನೋಡುವುದರಿಂದ ಒಂದರಲ್ಲಿ ಅಳಿಸಿದ್ದು ಎಲ್ಲದರಲ್ಲೂ ಅಳಿಯುತ್ತದೆ. ಮೇಲ್‌ಡಿರ್ ಕಡತಕೋಶವನ್ನು ದಿನಾಂಕ ನಮೂದಿಸಿ ಬೇರೊಂದು ಡಿಸ್ಕಿಗೆ ನಿಯತವಾಗಿ ನಕಲಿಸಬೇಕು. ಹಳೆಯ ನಕಲಿನ ಮೇಲೆ ಹೊಸದನ್ನು ಬರೆಯಬಾರದು. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ನಮ್ಮನ್ನು ನಂಬಿ ಬರೆದವರ ಖಾಸಗಿ ಮಾತುಗಳೂ ಅದರಲ್ಲಿರುವುದರಿಂದ ಆ ಡಿಸ್ಕುಗಳು ಗೂಢಲಿಪೀಕರಣಗೊಂಡಿರಬೇಕು; ಸರ್ವರಿನ ಪೋರ್ಟನ್ನು ಮನೆಯಿಂದಾಚೆಗೆ ತೆರೆಯಬಾರದು.

ಇದೆಲ್ಲಕ್ಕೆ ಬೇಕಾದುದು ಒಂದೆರಡು ದಿನಗಳ ತಾಳ್ಮೆ. ಜತ್ತದ ಆ ಪತ್ರಗಳಲ್ಲಿ ಲ್ಯಾಪ್‌ಟಾಪಿಗೆ ಇಳಿದಿದ್ದವು ಮಾತ್ರ ನನ್ನಲ್ಲಿ ಉಳಿದಿವೆ. ಕೂರಿಗೆಯ ಭಾಗಗಳ ಹೆಸರುಗಳನ್ನು ಹೇಳುವ ಪತ್ರ ಅವುಗಳಲ್ಲಿ ಇಲ್ಲ.