ನಗರೋದ್ಯಾನದಲ್ಲಿ ವಸ್ತ್ರ ಐಚ್ಛಿಕ ತೀರ: ಟೊರಂಟೊ ನಗರದ ಅನುಭವ

ಸಾರ್ವಜನಿಕ ಉದ್ಯಾನವು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಎಲ್ಲರ ಸ್ವತ್ತೂ ಹೌದು. ಆದುದರಿಂದಲೇ ಅದರ ಒಂದು ಭಾಗವನ್ನು ಒಂದು ಸಮುದಾಯದ ವಿಶಿಷ್ಟ ಬಳಕೆಗೆ ಬಿಟ್ಟುಕೊಡುವುದು ಸ್ಥಳೀಯ ಆಡಳಿತಕ್ಕೆ ಸದಾ ಕಠಿಣವಾದ ಪ್ರಶ್ನೆಯಾಗಿದೆ. ಕೋರಿಕೆಯು ಬಹುಜನರಿಗೆ ಒಪ್ಪಿಗೆಯಾಗದಂಥದ್ದಾಗಿದ್ದರೆ ಕಾಠಿಣ್ಯ ಇಮ್ಮಡಿಯಾಗುತ್ತದೆ. ಕೆನಡಾ ದೇಶದ ಟೊರಂಟೊ ನಗರದಲ್ಲಿ, ಸ್ನಾನಾರ್ಥಿಗಳು ವಸ್ತ್ರ ಧರಿಸುವುದು ಅಥವಾ ಧರಿಸದಿರುವುದು ಅವರವರ ಇಚ್ಛೆಗೆ ಬಿಟ್ಟ ಒಂದು ತೀರವಿದೆ. ಅದರ ನೈತಿಕ ಪಕ್ಷ, ಪ್ರತಿಪಕ್ಷಗಳ ವಿಚಾರ ಈ ಲೇಖನದ ಉದ್ದೇಶವಲ್ಲ. ನಾಗರಿಕರು ಯಾವ ಕ್ರಮದಿಂದ ಅದನ್ನು ಪಡೆದರು, ಆಡಳಿತವು ಯಾವ ಎಚ್ಚರಿಕೆ ವಹಿಸಿತು ಎಂಬುದು ಸ್ಥಳೀಯ ಸಂಸ್ಥೆಗಳೊಡನೆ ನಿತ್ಯ ವ್ಯವಹರಿಸುವ ಉದ್ಯಮಿಗಳಿಗೆ ಉಪಯುಕ್ತವಾದ ವಿಷಯ.

ಸ್ಥಳದ ಹಿನ್ನೆಲೆ

ಟೊರಂಟೊ ನಗರದ ಎದುರಿಗೆ ಒಂಟಾರಿಯೊ ಸರೋವರದಲ್ಲಿ ಒಂದು ದ್ವೀಪ ಸಮೂಹವಿದೆ. ಅದರ ಬಹುಭಾಗ ನಗರಾಡಳಿತದ ಉದ್ಯಾನ. ಅದರ ಪಶ್ಚಿಮ ತುದಿಯೇ ಹ್ಯಾನ್ಲನ್ಸ್ ಪಾಯಿಂಟ್. ಅಲ್ಲಿ ನೆಲೆಸಿದ್ದ ಹ್ಯಾನ್ಲನ್ ಕುಟುಂಬದಿಂದ ಈ ಹೆಸರು ಬಂದಿತು. ಆ ಮನೆತನದ ನೆಡ್ ಹ್ಯಾನ್ಲನ್ ದೋಣಿ ಹುಟ್ಟುಹಾಕುವ ಸ್ಪರ್ಧೆಯಲ್ಲಿ ವಿಶ್ವವಿಜೇತನಾಗಿದ್ದವನು. ಒಂದು ಕಾಲಕ್ಕೆ ಇಲ್ಲಿ ಮನರಂಜನಾ ಪಾರ್ಕು, ಹೋಟೆಲು, ಬೇಸ್‌ಬಾಲ್ ಕ್ರೀಡಾಂಗಣಗಳಿದ್ದವು. 1914ರಲ್ಲಿ ಬೇಬ್ ರೂತ್ ತನ್ನ ವೃತ್ತಿಜೀವನದ ಮೊದಲ ಹೋಂ ರನ್ ಹೊಡೆದದ್ದು ಇಲ್ಲಿಯೇ. 1930ರ ದಶಕದ ಕೊನೆಯಲ್ಲಿ ದ್ವೀಪದ ವಿಮಾನ ನಿಲ್ದಾಣವು ನಿರ್ಮಾಣವಾದಾಗ ಈ ವ್ಯಾಪಾರ ಕೇಂದ್ರದ ಸ್ಥಳ ಅದರ ಪಾಲಾಯಿತು. ಮರಳಿನ ತೀರ ಮಾತ್ರ ಉಳಿಯಿತು.

ನಗ್ನ ಸ್ನಾನದ ಪದ್ಧತಿ ಈ ತೀರಕ್ಕೆ ಹೊಸದಾಗಿರಲಿಲ್ಲ ಎಂಬುದು ಗಮನಾರ್ಹ. 1894ರಿಂದ 1930ರವರೆಗೆ ಅದಕ್ಕೆ ನಗರದ ಅನುಮತಿಯೇ ಇದ್ದಿತು. ಅನುಮತಿ ರದ್ದಾದ ನಂತರವೂ ರೂಢಿ ಸಂಪೂರ್ಣವಾಗಿ ಅಳಿಯಲಿಲ್ಲ. 1971ರ ಆಗಸ್ಟ್‌ನಲ್ಲಿ ಸಲಿಂಗಾನುರಾಗಿ ಸಮುದಾಯದವರು ಇಲ್ಲಿ ನಡೆಸಿದ ವನಭೋಜನವು ಆ ಸಮುದಾಯದ ಚರಿತ್ರೆಯಲ್ಲಿ ಮುಖ್ಯ ಘಟನೆಯೆಂದು ಗಣಿಸಲ್ಪಟ್ಟಿದೆ. ಹೀಗಾಗಿ 1990ರ ದಶಕದಲ್ಲಿ ಕೋರಿಕೆ ಎದ್ದಾಗ, ಹೊಸ ಹಕ್ಕು ಬೇಡುವುದಕ್ಕಿಂತ ಹಳೆಯ ಬಳಕೆಗೆ ಕಾನೂನಿನ ಮನ್ನಣೆ ಬೇಡುವುದು ಕೋರಿಕೆದಾರರಿಗೆ ಸಾಧ್ಯವಾಯಿತು.

ಕಾನೂನಿನ ಸ್ವರೂಪ

ಕೆನಡಾದ ಅಪರಾಧ ಸಂಹಿತೆಯ 174ನೇ ಪ್ರಕರಣದ ಪ್ರಕಾರ, ಕಾನೂನುಸಮ್ಮತ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ನಗ್ನವಾಗಿರುವುದು ಅಪರಾಧ. ಅಪರಾಧ ಕಾನೂನು ಅಲ್ಲಿ ಸಂಸತ್ತಿನ ಅಧಿಕಾರ ವ್ಯಾಪ್ತಿಗೆ ಸೇರಿದ್ದು. ನಗರಸಭೆ ಅದನ್ನು ತಿದ್ದಲಾರದು. ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ಷರತ್ತಿದೆ: ಅಟಾರ್ನಿ ಜನರಲ್ ಅವರ ಸಮ್ಮತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ.

ನಗರಸಭೆಯ ಕೈಯಲ್ಲಿದ್ದುದು ಉದ್ಯಾನದ ನಿಯಮಗಳು ಮಾತ್ರ. ತನ್ನ ಉದ್ಯಾನದ ನಿರ್ದಿಷ್ಟ ಭಾಗವನ್ನು ಈ ಬಳಕೆಗೆಂದು ಗುರುತಿಸಿ, ಫಲಕ ಹಾಕಿದರೆ, ಅಲ್ಲಿಗೆ ಬಂದವನಿಗೆ ಕಾನೂನುಸಮ್ಮತ ಕಾರಣವಿದೆಯೆಂದು ವಾದಿಸಲು ಆಧಾರ ದೊರೆಯುತ್ತದೆ. ಅರಿಯದೆ ಬಂದವನಿಗೆ ಮುನ್ಸೂಚನೆಯೂ ದೊರೆಯುತ್ತದೆ. ಮೇಲಿನ ಕಾನೂನನ್ನು ಮುಟ್ಟದೆ, ಕೆಳಗಿನ ನಿಯಮದ ಮೂಲಕ ಉದ್ದೇಶ ಸಾಧಿಸಿದ ಕ್ರಮವಿದು.

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಸ್ಥಿತಿ ಬೇರೆ. ಅಲ್ಲಿಯ ಕಾನೂನೇ, ಆ ಉದ್ದೇಶಕ್ಕಾಗಿ ಒದಗಿಸಿದ ಅಥವಾ ಮೀಸಲಿಟ್ಟ ಸ್ಥಳವನ್ನು ನಿಷೇಧದಿಂದ ಹೊರಗಿಟ್ಟಿದೆ. ಇದರ ಬಲದಿಂದ ಮಯಾಮಿ ಪ್ರದೇಶದ ಕೌಂಟಿ ಆಡಳಿತಕ್ಕೆ ಸೇರಿದ ಹಾಲೋವರ್ ಉದ್ಯಾನದ ಉತ್ತರ ಭಾಗದಲ್ಲಿ 1991ರಿಂದ ಇಂಥ ತೀರವಿದೆ. ಉದ್ಯಾನದಲ್ಲಿ ವಾಹನ ನಿಲುಗಡೆಗೆ ಶುಲ್ಕವಿದೆ, ಜೀವರಕ್ಷಕರಿದ್ದಾರೆ.

ಪ್ರಯೋಗದಿಂದ ಶಾಶ್ವತಕ್ಕೆ

1998ರ ಜನವರಿಯಲ್ಲಿ ಆರು ಸ್ಥಳೀಯ ಆಡಳಿತಗಳು ವಿಲೀನವಾಗಿ ಇಂದಿನ ಟೊರಂಟೊ ನಗರ ರೂಪುಗೊಂಡಿತು. ನಿಸರ್ಗಸ್ಥಿತಿವಾದಿಗಳ ಸಂಘಟನೆಗಳ ಪ್ರಯತ್ನದ ಫಲವಾಗಿ, 1999ರ ಮೇ ತಿಂಗಳಿನಲ್ಲಿ ಸದಸ್ಯ ಕೈಲ್ ರೇ ಅವರ ಪ್ರಸ್ತಾವವನ್ನು ನೂತನ ನಗರಸಭೆ ಅಂಗೀಕರಿಸಿತು. ಆದರೆ ಅಂಗೀಕಾರ ಶಾಶ್ವತವಾಗಿರಲಿಲ್ಲ, ಪ್ರಾಯೋಗಿಕವಾಗಿತ್ತು. 2002ರಲ್ಲಿ ವ್ಯವಸ್ಥೆಯನ್ನು ಶಾಶ್ವತಗೊಳಿಸಲಾಯಿತು.

ಈ ಅವಧಿಯ ಮಹತ್ವವನ್ನು ಲೆಕ್ಕಪತ್ರ ಬಲ್ಲವರು ಸುಲಭವಾಗಿ ಗ್ರಹಿಸಬಹುದು. ಪ್ರಯೋಗ ವಿಫಲವಾದರೆ ನಗರಸಭೆ ಕಳೆದುಕೊಳ್ಳುವುದು ಕೆಲವು ಫಲಕಗಳ ವೆಚ್ಚವನ್ನು ಮಾತ್ರ. ಸಫಲವಾದರೆ ವಿರೋಧಿಗಳ ಆತಂಕಕ್ಕೆ ಊಹೆಯ ಬದಲು ಅನುಭವವೇ ಉತ್ತರವಾಗುತ್ತದೆ. ಇತ್ತ ಕೋರಿಕೆದಾರರ ಮೇಲೆ ಹೊಣೆ ಬೀಳುತ್ತದೆ: ಶಿಸ್ತು ಕಾಪಾಡದಿದ್ದರೆ ದೊರೆತದ್ದೂ ಹೋದೀತು. ನಗ್ನತೆ ಬೇರೆ, ಅಸಭ್ಯ ವರ್ತನೆ ಬೇರೆ. ಮೊದಲನೆಯದಕ್ಕೆ ನೀಡಿದ ಅವಕಾಶ ಎರಡನೆಯದಕ್ಕೆ ರಕ್ಷಣೆಯಾಗದು.

ವೆಚ್ಚ ಮತ್ತು ವ್ಯಾಪಾರ

ಈ ತೀರಕ್ಕೆ ಪ್ರವೇಶ ಶುಲ್ಕವಿಲ್ಲ. ಆದರೆ ದ್ವೀಪಕ್ಕೆ ಹೋಗಲು ದೋಣಿ ಹತ್ತಬೇಕು. ಫೆರಿ ಸೇವೆಯನ್ನು ನಗರಾಡಳಿತವೇ ನಡೆಸುತ್ತದೆ. ಖಾಸಗಿ ನೀರು ಟ್ಯಾಕ್ಸಿಗಳೂ ಇವೆ. ಶೌಚಾಲಯ, ಕಸ ವಿಲೇವಾರಿ, ಜೀವರಕ್ಷಕರು, ಪೊಲೀಸ್ ಗಸ್ತು ಇವು ವೆಚ್ಚದ ಬಾಬ್ತುಗಳು. ಇವುಗಳಲ್ಲಿ ಹೆಚ್ಚಿನವು ಸಾಮಾನ್ಯ ತೀರಕ್ಕೂ ಬೇಕಾದವೇ. ವಸ್ತ್ರ ಐಚ್ಛಿಕವಾದುದರಿಂದ ತಗಲುವ ಹೆಚ್ಚುವರಿ ವೆಚ್ಚವನ್ನು ಮಾತ್ರ ಪ್ರತ್ಯೇಕಿಸಿ ನೋಡಬೇಕು. ಅಂತೆಯೇ ದ್ವೀಪಕ್ಕೆ ಬಂದ ಎಲ್ಲ ಪ್ರವಾಸಿಗರ ಖರ್ಚನ್ನೂ ಈ ತೀರದ ಲಾಭವೆಂದು ಬರೆಯಲಾಗದು.

ಈ ತೀರವು ನೀರಿನ ಗುಣಮಟ್ಟ, ಸುರಕ್ಷತೆ, ನಿರ್ವಹಣೆಗಳಿಗೆ ನೀಡಲಾಗುವ ಅಂತಾರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು ಪಡೆದಿತ್ತು. ನಮ್ಮ ಕರಾವಳಿಯ ಪಡುಬಿದ್ರಿ ಮತ್ತು ಹೊನ್ನಾವರ ಸಮೀಪದ ಕಾಸರಕೋಡು ತೀರಗಳಿಗೆ 2020ರಲ್ಲಿ ದೊರೆತದ್ದೂ ಇದೇ ಮಾನ್ಯತೆ. ಈ ಮಾನ್ಯತೆಗೆ ಮಾನದಂಡ ತೀರದ ಶುಚಿತ್ವ ಮತ್ತು ನಿರ್ವಹಣೆಯೇ ಹೊರತು ಬಂದವರ ಉಡುಪಲ್ಲ.

ದೊರೆತದ್ದನ್ನು ಉಳಿಸಿಕೊಳ್ಳುವ ಕಷ್ಟ

ಶಾಶ್ವತವೆಂದು ದಾಖಲಾದ ಮಾತ್ರಕ್ಕೆ ಅಪಾಯ ತಪ್ಪಿತೆಂದಲ್ಲ. 2017ರಲ್ಲಿ ಸರೋವರದ ನೀರು ಏರಿ, ದ್ವೀಪದ ಉದ್ಯಾನವನ್ನು ಜುಲೈ ಅಂತ್ಯದವರೆಗೆ ಮುಚ್ಚಬೇಕಾಯಿತು. 2019ರಲ್ಲಿ ಪ್ರವಾಹ ಮರುಕಳಿಸಿತು. ಮರಳು ಕೊಚ್ಚಿಹೋಗಿ ತೀರ ಕಿರಿದಾಯಿತು.

ನೀರಿನ ನಂತರ ಬಂದದ್ದು ಯೋಜನೆಯ ಭಯ. ದ್ವೀಪೋದ್ಯಾನದ ಸಮಗ್ರ ಯೋಜನೆಯ ಚರ್ಚೆಯಲ್ಲಿ ತೀರದ ಸಮೀಪ ಬಯಲು ಸಮಾರಂಭಗಳಿಗೆ ಸ್ಥಳ ನಿರ್ಮಿಸುವ ವಿಚಾರ ಬಂದಿತು. ಸಾವಿರಾರು ಜನ ಸೇರುವ ಸ್ಥಳ ಪಕ್ಕದಲ್ಲಿ ಬಂದರೆ ತೀರದ ಏಕಾಂತ ಉಳಿಯದೆಂದು ಬಳಕೆದಾರರು 2023ರಲ್ಲಿ ಸಂಘಟಿತರಾಗಿ ವಿರೋಧಿಸಿದರು. ಪ್ರಸ್ತಾವ ಹಿಂದೆ ಸರಿಯಿತು. ಅಷ್ಟೇ ಅಲ್ಲ, ಅದೇ ವರ್ಷ ನಗರಸಭೆಯು ತೀರದ ಚಾರಿತ್ರಿಕ ಮಹತ್ವವನ್ನು ಮಾನ್ಯ ಮಾಡಿ, ವಸ್ತ್ರ ಐಚ್ಛಿಕ ಪ್ರದೇಶವನ್ನು ವಿಸ್ತರಿಸುವ ನಿರ್ಣಯ ಕೈಗೊಂಡಿತು.

ಈ ಪ್ರಕರಣದಿಂದ ಗ್ರಹಿಸಬೇಕಾದ ಅಂಶಗಳನ್ನು ಹೀಗೆ ಕ್ರೋಡೀಕರಿಸಬಹುದು:

1. ಕೋರಿಕೆ ಸಲ್ಲಿಸುವ ಮುನ್ನ, ಅದನ್ನು ಈಡೇರಿಸುವ ಅಧಿಕಾರ ಯಾವ ಪ್ರಾಧಿಕಾರಕ್ಕೆ ಎಷ್ಟರ ಮಟ್ಟಿಗೆ ಇದೆಯೆಂದು ನಿಶ್ಚಯಿಸಿಕೊಳ್ಳಬೇಕು.
2. ಹಿಂದಿನ ಬಳಕೆಗೆ ದಾಖಲೆಯಿದ್ದರೆ ಅದನ್ನು ಮುಂದಿಡಬೇಕು.
3. ಶಾಶ್ವತ ಅನುಮತಿ ದುರ್ಲಭವಾದಲ್ಲಿ ಪ್ರಾಯೋಗಿಕ ಅನುಮತಿ ಕೋರುವುದು ಲೇಸು.
4. ಒಪ್ಪದವರಿಗೆ ದೂರವಿರುವ ಅವಕಾಶವನ್ನು ಗಡಿ ಮತ್ತು ಫಲಕಗಳ ಮೂಲಕ ಒದಗಿಸಬೇಕು.
5. ಅನುಮತಿ ದೊರೆತ ಬಳಿಕವೂ ಸಂಘಟನೆ ಎಚ್ಚರವಾಗಿರಬೇಕು. ಮುಂದಿನ ಯೋಜನಾ ಕರಡಿನಲ್ಲಿ ಏನಿದೆಯೆಂದು ಓದುತ್ತಿರಬೇಕು.

ಸಂತೆ ಮೈದಾನವನ್ನಾಗಲಿ, ಲಾರಿ ನಿಲ್ದಾಣವನ್ನಾಗಲಿ, ಬೀದಿ ವ್ಯಾಪಾರದ ವಲಯವನ್ನಾಗಲಿ ಕೋರಿ ಪುರಸಭೆಯ ಮೆಟ್ಟಿಲು ಹತ್ತುವ ಸಂಘಗಳಿಗೆ ವಿಷಯ ಬೇರೆಯಾದರೂ ಹಾದಿ ಇದೇ.